ಹುಲಿಗಿಂತ ಮೊದಲು ಕೊಂಡುಕುರಿ: ದಾವಣಗೆರೆ, ಹರಿಹರದಿಂದ ಹೊರಡುವ ಕಾಡು-ಬಯಲಿನ ದಾರಿಗಳು

ಸಫಾರಿ ಎಂದಾಕ್ಷಣ ನಮ್ಮ ಕಡೆಯ ಮಂದಿ ಬಂಡೀಪುರ, ನಾಗರಹೊಳೆ, ಕಬಿನಿ ಎಂದು ದಕ್ಷಿಣಕ್ಕೆ ಮುಖ ಮಾಡುತ್ತಾರೆ. ಮೈಸೂರು ದಾಟಿ ಹೋಗಿ, ಎರಡು ರಾತ್ರಿ ತಂಗಿ, ಹುಲಿ ಕಂಡರೆ ಸಾರ್ಥಕ, ಕಾಣದಿದ್ದರೆ ದುಡ್ಡು ದಂಡ ಎಂದುಕೊಂಡು ಮರಳುತ್ತಾರೆ. ಆ ಕಾಡುಗಳು ದೊಡ್ಡವು, ಅವುಗಳ ಹೆಸರೂ ದೊಡ್ಡದು. ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ದಾವಣಗೆರೆ, ಹರಿಹರದಲ್ಲಿ ನೆಲೆಸಿದವರಿಗೂ ಇಲ್ಲಿಗೆ ನೆಂಟರ ಮನೆಗೆ, ಮದುವೆಗೆ, ಕೆಲಸಕ್ಕೆ ಬಂದು ಒಂದೆರಡು ದಿನ ಉಳಿಯುವವರಿಗೂ ನಾನು ಹೇಳುವುದು ಬೇರೆ.

ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನಲ್ಲಿ ಈ ಎರಡು ಊರುಗಳಿವೆ. ನೈರುತ್ಯಕ್ಕೆ ಎರಡು-ಮೂರು ತಾಸು ಹೋದರೆ ಹುಲಿ, ಆನೆ, ಕಾಟಿಗಳಿರುವ ಭದ್ರಾ ಕಾಡು. ಪೂರ್ವಕ್ಕೆ ಒಂದೂವರೆ ತಾಸಿನೊಳಗೆ ಜಗಳೂರು ಸೀಮೆಯ ಕುರುಚಲು ಗುಡ್ಡ. ಹರಿಹರದ ಸೇತುವೆ ದಾಟಿ ಹುಬ್ಬಳ್ಳಿ ದಾರಿ ಹಿಡಿದರೆ ಅರ್ಧ ತಾಸಿಗೆ ಕೃಷ್ಣಮೃಗದ ನಾಡು. ಒಂದೇ ಊರಲ್ಲಿ ಬಿಡಾರ ಮಾಡಿ ಇಷ್ಟು ಬಗೆಯ ನೆಲ ನೋಡುವ ಅನುಕೂಲ ರಾಜ್ಯದಲ್ಲಿ ಬಹಳ ಊರುಗಳಿಗಿಲ್ಲ. ಹುಲಿ ಬೇಕೆಂದರೆ ಅದೂ ಇದೆ, ಆಮೇಲೆ ಬರುತ್ತೇನೆ. ಮೊದಲು ನಮ್ಮ ಬಯಲಿನ ಜೀವಿಗಳನ್ನು ನೋಡೋಣ.

ಜಗಳೂರಿನ ನಾಲ್ಕು ಕೊಂಬಿನ ಪ್ರಾಣಿ

ದಾವಣಗೆರೆ ಜಿಲ್ಲೆಗೆ ತನ್ನದೇ ಒಂದು ವನ್ಯಜೀವಿ ಅಭಯಾರಣ್ಯವಿದೆ ಎಂಬುದು ಜಿಲ್ಲೆಯ ಅನೇಕರಿಗೇ ಗೊತ್ತಿಲ್ಲ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿ ಅಭಯಾರಣ್ಯ ಅದು. 2011ರಲ್ಲಿ ಘೋಷಣೆಯಾಯಿತು, ವಿಸ್ತೀರ್ಣ 77 ಚದರ ಕಿಲೋಮೀಟರಿನಷ್ಟು. ಜಗಳೂರು ಎಂದರೆ ಬರಗಾಲದ ತಾಲ್ಲೂಕು ಎಂದೇ ಕೇಳಿ ಬೆಳೆದವರಿಗೆ ಅಲ್ಲೊಂದು ಅಭಯಾರಣ್ಯ ಅಂದರೆ ಅಚ್ಚರಿ. ಮಳೆ ಕಡಿಮೆ ಬೀಳುವ ಆ ಒಣ ಗುಡ್ಡಗಳೇ ಕೊಂಡುಕುರಿಗೆ ಹಿತವಾದ ಜಾಗ.

ಕೊಂಡುಕುರಿಯ ಹೆಸರಿನಲ್ಲಿ ಕುರಿ ಇದ್ದರೂ ಅದು ಕುರಿಯಲ್ಲ. ಜಿಂಕೆಯೂ ಅಲ್ಲ, ಹುಲ್ಲೆಗಳ ಬಳಗಕ್ಕೆ ಸೇರಿದ್ದು. ಗಂಡಿಗೆ ಎರಡು ಜೊತೆ ಕೊಂಬು: ಕಿವಿಗಳ ನಡುವೆ ಒಂದು ಜೊತೆ, ಹಣೆಯ ಮುಂಭಾಗದಲ್ಲಿ ಇನ್ನೊಂದು. ಹಿಂದಿನವು ಹತ್ತು ಸೆಂಟಿಮೀಟರಿನ ಆಸುಪಾಸು, ಮುಂದಿನವು ಅದರ ಅರ್ಧವೂ ಇರುವುದಿಲ್ಲ. ಕೆಲವಕ್ಕೆ ಬರೀ ಗುಬುಟಿನಂತೆ ಕಾಣುತ್ತವೆ. ಹೆಣ್ಣಿಗೆ ಕೊಂಬೇ ಇಲ್ಲ. ಹೆಗಲಿನ ಎತ್ತರ ಎರಡು ಅಡಿ, ತೂಕ ಇಪ್ಪತ್ತು ಕಿಲೋ ಸುಮಾರು. ಕಾಡಿನಲ್ಲಿ ಹೀಗೆ ನಾಲ್ಕು ಕೊಂಬು ಹೊತ್ತ ಪ್ರಾಣಿ ಜಗತ್ತಿನಲ್ಲಿ ಇನ್ನೊಂದಿಲ್ಲ. ಭಾರತ ಮತ್ತು ನೇಪಾಳ ಬಿಟ್ಟರೆ ಇದು ಬೇರೆಲ್ಲೂ ಇಲ್ಲ. ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ, ಅಂದರೆ ಹುಲಿಯ ಜೊತೆಗೇ, ಇದರ ಹೆಸರಿದೆ. ಇಂಥದ್ದೊಂದು ಪ್ರಾಣಿ ನಮ್ಮ ಜಿಲ್ಲೆಯಲ್ಲಿ ಉಳಿದಿದೆ ಎಂಬುದು ಬೆಣ್ಣೆ ದೋಸೆಯಷ್ಟೇ ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಸಂಗತಿ.

ಇದನ್ನು ನೋಡಲು ತಾಳ್ಮೆ ಬೇಕು. ಚುಕ್ಕೆಜಿಂಕೆಯ ಹಾಗೆ ಹಿಂಡಿನಲ್ಲಿ ಇರುವುದಿಲ್ಲ. ಒಂಟಿಯಾಗಿ, ಹೆಚ್ಚೆಂದರೆ ಜೋಡಿಯಾಗಿ ಓಡಾಡುತ್ತದೆ. ಸದ್ದು ಕೇಳಿದ ಕೂಡಲೆ ನಿಂತಲ್ಲೇ ಕಲ್ಲಾಗುತ್ತದೆ, ಇಲ್ಲವೇ ಹುಲ್ಲಿನಲ್ಲಿ ಕುಗ್ಗಿ ಕೂರುತ್ತದೆ. ಹತ್ತು ಮಾರು ದೂರದಲ್ಲಿದ್ದರೂ ನಮ್ಮ ಕಣ್ಣಿಗೆ ಬೀಳದಿರಬಹುದು. ಅದು ಇರುವುದನ್ನು ತಿಳಿಯಲು ಕಾಡು ಬಲ್ಲವರು ನೋಡುವುದು ಹಿಕ್ಕೆಯ ಗುಡ್ಡೆಯನ್ನು. ಕೊಂಡುಕುರಿ ದಿನವೂ ಒಂದೇ ಜಾಗದಲ್ಲಿ ಹಿಕ್ಕೆ ಹಾಕುವ ಪ್ರಾಣಿ. ಇನ್ನೊಂದು ಸುಳಿವು ನೀರು. ಇದಕ್ಕೆ ಆಗಾಗ ನೀರು ಬೇಕು, ಹಾಗಾಗಿ ಬೇಸಿಗೆಯಲ್ಲಿ ನೀರಿನ ಹೊಂಡಗಳಿಂದ ಬಹಳ ದೂರ ಹೋಗುವುದಿಲ್ಲ.

ಭದ್ರಾದಲ್ಲಿ ಟಿಕೆಟ್ ಕೊಂಡು ಜೀಪ್ ಹತ್ತಿದ ಹಾಗೆ ಇಲ್ಲಿ ಹೊರಡಲು ಬರುವುದಿಲ್ಲ. ಅಭಯಾರಣ್ಯದ ಒಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಜಗಳೂರಿನ ವಲಯ ಅರಣ್ಯ ಕಚೇರಿಗೆ ಮುಂಚಿತವಾಗಿ ಹೋಗಿ, ಬರುವ ಕಾರಣ ಹೇಳಿ, ಸಿಬ್ಬಂದಿಯ ಜೊತೆಯಲ್ಲೇ ಹೋಗುವುದು ಸರಿಯಾದ ದಾರಿ. ಕೊಂಡುಕುರಿ ಸಿಗದಿದ್ದರೂ ನವಿಲು, ಮೊಲ, ನರಿ ಸಿಕ್ಕಾವು. ಕರಡಿ, ಚಿರತೆಯೂ ಇರುವ ಗುಡ್ಡಗಳಾದ್ದರಿಂದ ಒಬ್ಬೊಬ್ಬರೇ ನಡೆದು ಹೋಗುವ ಸಾಹಸ ಬೇಡ. ಇನ್ನೊಂದು ಮಾತು, ಮೊಬೈಲ್ ನಕ್ಷೆ ನಂಬಿ ಹೊರಡುವವರಿಗೆ: ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲೂ ರಂಗಯ್ಯನದುರ್ಗ ಎಂಬ ಹೆಸರಿನ ಜಲಾಶಯವಿದೆ. ಹೆಸರು ಹಾಕಿ ಹುಡುಕಿದಾಗ ಜಗಳೂರು ತಾಲ್ಲೂಕು ಎಂದು ಖಾತ್ರಿ ಮಾಡಿಕೊಳ್ಳಿ. ಇಲ್ಲದಿದ್ದರೆ ಇಡೀ ದಿನ ತಪ್ಪು ದಾರಿಯಲ್ಲಿ ಕಳೆಯುತ್ತದೆ.

ಹೋಗಲು ಒಳ್ಳೆಯ ಕಾಲ ಮುಂಗಾರು ಮುಗಿದ ಮೇಲಿನ ಅಕ್ಟೋಬರ್‌ನಿಂದ ಜನವರಿ. ಆಗ ಗುಡ್ಡದಲ್ಲಿ ಹಸಿರು ಇನ್ನೂ ಉಳಿದಿರುತ್ತದೆ, ಬಿಸಿಲು ಸಹ್ಯ. ಫೆಬ್ರವರಿ ದಾಟಿದರೆ ಹುಲ್ಲು ಒಣಗಿ ಬೆಂಕಿಯ ಭಯ ಹೆಚ್ಚುತ್ತದೆ, ಇಲಾಖೆಯವರಿಗೂ ಆಗ ಬೇರೆ ಕೆಲಸಕ್ಕೆ ಪುರುಸೊತ್ತಿರುವುದಿಲ್ಲ.

ಹೊಳೆ ದಾಟಿದರೆ ಕೃಷ್ಣಮೃಗ

ಮಕ್ಕಳಿಗೆ ಮೊದಲ ಬಾರಿ ಕಾಡುಪ್ರಾಣಿ ತೋರಿಸಬೇಕು, ಅದು ಖಂಡಿತ ಕಾಣಬೇಕು ಎನ್ನುವವರಿಗೆ ನನ್ನ ಶಿಫಾರಸು ರಾಣೆಬೆನ್ನೂರು. ಹರಿಹರದಿಂದ ಹೆದ್ದಾರಿಯಲ್ಲಿ ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರ್. ಬಸ್ಸು, ರೈಲು ಎರಡೂ ಇವೆ. ಪಟ್ಟಣದಿಂದ ಅಭಯಾರಣ್ಯಕ್ಕೆ ಮಾತ್ರ ಸ್ವಂತ ವಾಹನವೋ ಆಟೊವೋ ಬೇಕು.

ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆಯಿತು. 119 ಚದರ ಕಿಲೋಮೀಟರ್. ಹುಲ್ಲತ್ತಿ, ಹುನಸಿಕಟ್ಟಿ, ಅಳಗೇರಿ ಎಂದು ಮೂರು ಭಾಗ. ಕೃಷ್ಣಮೃಗ ಬಯಲಿನ ಪ್ರಾಣಿ, ಅಡಗಿ ಬದುಕುವುದು ಅದಕ್ಕೆ ಗೊತ್ತಿಲ್ಲ. ದೂರದವರೆಗೆ ನೋಡುವ ಕಣ್ಣು, ಓಡುವ ಕಾಲು ಎರಡನ್ನೇ ನಂಬಿದೆ. ಬೆಳಿಗ್ಗೆ ಸೂರ್ಯ ಏರುವ ಮೊದಲು, ಇಲ್ಲವೇ ಸಂಜೆ ನಾಲ್ಕರ ಮೇಲೆ ಹೋದರೆ ಹಿಂಡುಗಳು ಮೇಯುತ್ತಿರುತ್ತವೆ. ವಯಸ್ಸಿಗೆ ಬಂದ ಗಂಡು ಮೇಲ್ಮೈಯೆಲ್ಲ ಕಪ್ಪು, ಹೊಟ್ಟೆ ಮತ್ತು ಕಣ್ಣ ಸುತ್ತ ಬಿಳುಪು, ತಿರುಚಿಕೊಂಡು ಮೇಲೆದ್ದ ಉದ್ದನೆಯ ಕೊಂಬು. ಹೆಣ್ಣು, ಮರಿಗಳು ಮಣ್ಣಿನ ಬಣ್ಣ. ಬೆದರಿದಾಗ ಹಿಂಡು ಒಂದರ ಹಿಂದೆ ಒಂದು ಗಾಳಿಗೆ ಚಿಮ್ಮಿ ನೆಗೆಯುತ್ತಾ ಹೋಗುವುದನ್ನು ಒಮ್ಮೆ ಕಂಡ ಮಗು ಅದನ್ನು ಮರೆಯುವುದಿಲ್ಲ. ಆದರೆ ಆ ನೆಗೆತ ನೋಡಲೆಂದು ಅವನ್ನು ಬೆದರಿಸಬಾರದು. ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಕಾಲು ತಾಸು ಸುಮ್ಮನಿರಿ. ಅವೇ ಹತ್ತಿರ ಬರುತ್ತವೆ.

ಈ ಅಭಯಾರಣ್ಯಕ್ಕೆ ಒಂದು ನೋವಿನ ಚರಿತ್ರೆಯೂ ಇದೆ. ಇದನ್ನು ಕಾಯ್ದಿಡಲು ಕೃಷ್ಣಮೃಗದಷ್ಟೇ ಮುಖ್ಯ ಕಾರಣವಾಗಿದ್ದದ್ದು ಎರೆಭೂತ ಎಂಬ ದೊಡ್ಡ ಹಕ್ಕಿ. ಮೀಟರ್ ಎತ್ತರದ, ಹಾರುವ ಹಕ್ಕಿಗಳಲ್ಲೇ ತೂಕದ ಹಕ್ಕಿಗಳ ಸಾಲಿಗೆ ಸೇರುವ ಅದು ಬಟ್ಟ ಬಯಲಿನಲ್ಲಿ, ನೆಲದ ಮೇಲೆ ಮೊಟ್ಟೆಯಿಡುತ್ತದೆ. ಹುಲ್ಲುಗಾವಲನ್ನು ಪಾಳುಭೂಮಿ ಎಂದು ಬಗೆದು ಮರ ನೆಡುವುದೇ ಒಳ್ಳೆಯದು ಎನ್ನುತ್ತಿದ್ದ ಕಾಲದಲ್ಲಿ ಇಲ್ಲಿ ನೀಲಗಿರಿ ತೋಪುಗಳೆದ್ದವು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು, ಎರೆಭೂತಕ್ಕೆ ಆಗಲಿಲ್ಲ. ರಾಣೆಬೆನ್ನೂರಿನಿಂದ ಅದು ಮರೆಯಾಗಿ ದಶಕಗಳಾದವು. ರಾಜ್ಯದಲ್ಲಿ ಈಗ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ಹುಲ್ಲು ಬೆಳೆದ ಬಯಲು ಬರಡಲ್ಲ, ಅದೂ ಒಂದು ಕಾಡು ಎಂಬ ಮಾತನ್ನು ನಾನು ಎಲ್ಲಿ ಅವಕಾಶ ಸಿಕ್ಕರೂ ಹೇಳುತ್ತೇನೆ. ಇಲ್ಲಿ ನೀಲಗಿರಿ ಸಾಲಿನ ನಡುವೆ ನಿಂತು ನೋಡಿದರೆ ನಿಮಗೇ ಅರ್ಥವಾಗುತ್ತದೆ.

ಸುತ್ತಲಿನ ರೈತರ ಕಷ್ಟವನ್ನೂ ಮರೆಯುವಂತಿಲ್ಲ. ಕೃಷ್ಣಮೃಗಗಳು ಮೆಕ್ಕೆಜೋಳ, ಶೇಂಗಾ ಹೊಲಗಳಿಗೆ ನುಗ್ಗುತ್ತವೆ. ಮೊಳಕೆ ಬಂದ ಪೈರನ್ನು ಒಂದೇ ರಾತ್ರಿಯಲ್ಲಿ ಮುಗಿಸುತ್ತವೆ. ಅವರ ಬದುವಿನಲ್ಲಿ ಗಾಡಿ ನುಗ್ಗಿಸಿ, ಬೆಳೆ ತುಳಿದು ಫೋಟೊ ತೆಗೆಯುವವರನ್ನು ನೋಡಿದಾಗ ಬೇಸರವಾಗುತ್ತದೆ. ಹೊಲದಂಚಿನಲ್ಲಿ ಪ್ರಾಣಿ ಕಂಡರೆ ಹೊಲದವರನ್ನು ಕೇಳಿ ಒಳಗೆ ಹೋಗಿ.

ಇದೇ ಹೆದ್ದಾರಿಯಲ್ಲಿ ಹಾವೇರಿ ದಾಟಿ ಮುಂದೆ ಹೋಗುವವರು ಬಂಕಾಪುರ ಕೋಟೆಯ ನವಿಲುಧಾಮವನ್ನೂ ಸೇರಿಸಿಕೊಳ್ಳಬಹುದು. ಹಳೆಯ ಕೋಟೆಯೊಳಗೆ ಗಿಡಗಂಟಿಗಳ ನಡುವೆ ನವಿಲುಗಳು. ಮಳೆಗಾಲದ ಆರಂಭ ಅದಕ್ಕೆ ಸರಿಯಾದ ಕಾಲ.

ನೀರಿನ ದಾರಿ

ದಾವಣಗೆರೆಯ ಗದ್ದೆ, ತೋಟ, ನಲ್ಲಿಗಳಿಗೆ ನೀರು ಬರುವ ದಾರಿಯನ್ನೇ ಹಿಡಿದು ಹೋದರೆ ಅದೇ ಒಂದು ಒಳ್ಳೆಯ ಪ್ರವಾಸ. ನಗರದ ಕುಂದುವಾಡ ಕೆರೆಯಿಂದ ಶುರು ಮಾಡಿ. ಭದ್ರಾ ನಾಲೆಯ ನೀರು ತುಂಬಿಸಿಕೊಳ್ಳುವ ಈ ಕೆರೆ ಊರಿಗೆ ಕುಡಿಯುವ ನೀರು ಕೊಡುತ್ತದೆ. ಬೆಳಗಿನ ವಾಯುವಿಹಾರಕ್ಕೂ ಇದೇ ಜಾಗ. ದುರ್ಬೀನು ಒಂದಿದ್ದರೆ ಮನೆಯಿಂದ ಹತ್ತು ನಿಮಿಷದಲ್ಲಿ ನೀರುಕಾಗೆ, ಗುಳುಮುಳುಕ, ಮಿಂಚುಳ್ಳಿ, ಬೆಳ್ಳಕ್ಕಿಗಳ ಪಾಠ ಆರಂಭಿಸಬಹುದು. ಪಕ್ಷಿ ವೀಕ್ಷಣೆ ಕಲಿಯುವವರು ಮೊದಲ ಸಫಾರಿಗೆ ದುಡ್ಡು ಸುರಿಯುವ ಬದಲು ಇಲ್ಲಿ ಒಂದು ತಿಂಗಳು ಬೆಳಗಿನ ಅರ್ಧ ತಾಸು ಕಳೆಯಲಿ. ಕಣ್ಣು ಪಳಗಿದ ಮೇಲೆ ಭದ್ರಾಕ್ಕೆ ಹೋದರೆ ಕಾಣುವುದೇ ಬೇರೆ.

ಊರಿನ ಹತ್ತಿರವೇ ಕೊಂಡಜ್ಜಿ ಇದೆ. ಗುಡ್ಡ, ಕಾಡು, ಕೆರೆ ಮೂರೂ ಒಟ್ಟಿಗಿರುವ ಜಾಗ. ಸ್ಕೌಟ್ಸ್ ಮತ್ತು ಗೈಡ್ಸ್ ಚಳವಳಿಗೆ ದುಡಿದ ಕೊಂಡಜ್ಜಿ ಬಸಪ್ಪನವರ ಊರು. ಸ್ಕೌಟ್ಸ್ ತರಬೇತಿ ಶಿಬಿರ ಇಲ್ಲಿದೆ, ರಾಜ್ಯದ ಎಷ್ಟೋ ಮಕ್ಕಳು ಮೊದಲ ಬಾರಿ ಡೇರೆಯಲ್ಲಿ ಮಲಗಿದ್ದು ಇಲ್ಲೇ. ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಮನೆ ಸೇರುವಷ್ಟು ಸನಿಹ. ಚಿತ್ರದುರ್ಗದ ದಾರಿಯಲ್ಲಿ ಆನಗೋಡಿನ ಇಂದಿರಾ ಪ್ರಿಯದರ್ಶಿನಿ ಕಿರು ಮೃಗಾಲಯ ಸಣ್ಣ ಮಕ್ಕಳಿಗೆ ಸಾಕು. ದೊಡ್ಡವರು ಅದಕ್ಕಾಗಿಯೇ ಹೋಗಬೇಕೆಂದಿಲ್ಲ.

ಆದರೆ ಒಂದಿಡೀ ದಿನ ಮೀಸಲಿಡಬೇಕಾದ ಜಾಗ ಸೂಳೆಕೆರೆ. ಸರ್ಕಾರಿ ಕಡತದಲ್ಲಿ ಶಾಂತಿಸಾಗರ. ಚನ್ನಗಿರಿ ತಾಲ್ಲೂಕಿನಲ್ಲಿ ಎರಡು ಗುಡ್ಡಗಳ ನಡುವಿನ ಕಂದರಕ್ಕೆ ಏರಿ ಕಟ್ಟಿ ನೀರು ನಿಲ್ಲಿಸಿದ್ದು ಹನ್ನೊಂದು-ಹನ್ನೆರಡನೇ ಶತಮಾನದಷ್ಟು ಹಿಂದೆ. ಆರೂವರೆ ಸಾವಿರ ಎಕರೆ ನೀರು ನಿಲ್ಲುವ ಈ ಕೆರೆಯ ಏರಿ ಅಷ್ಟು ದೊಡ್ಡದಲ್ಲ. ಎಲ್ಲಿ ಅಡ್ಡಗಟ್ಟಿದರೆ ಕಡಿಮೆ ಕಲ್ಲು-ಮಣ್ಣಿನಲ್ಲಿ ಹೆಚ್ಚು ನೀರು ನಿಲ್ಲುತ್ತದೆ ಎಂದು ಅಳೆದ ಆ ಕಾಲದ ಕಣ್ಣಿಗೆ ಕೈ ಮುಗಿಯಬೇಕು. ಶಾಂತವ್ವ ಎಂಬ ಅರಸು ಮಗಳು ಇದನ್ನು ಕಟ್ಟಿಸಿದಳು, ಕೆರೆಗೆ ಜಾಗ ಬಿಟ್ಟುಕೊಟ್ಟ ಹೆಣ್ಣುಮಕ್ಕಳು ತಮ್ಮ ಹೆಸರು ಉಳಿಯಬೇಕೆಂದು ಕೇಳಿದರು ಎಂದು ಸುತ್ತಲಿನ ಹಳ್ಳಿಯವರು ಕಥೆ ಹೇಳುತ್ತಾರೆ. ಏರಿಯ ಬಳಿ ಸಿದ್ದೇಶ್ವರನ ಗುಡಿ ಇದೆ. ಬೆಳಗಿನ ಹೊತ್ತು ಏರಿಯ ಮೇಲೆ ನಿಂತರೆ ಆಚೆ ದಡ ಕಾಣುವುದೇ ಕಷ್ಟ. ಚಳಿಗಾಲದಲ್ಲಿ ಬಾತುಗಳು ಬರುತ್ತವೆ. ನೀರು ಇಳಿದ ಅಂಚಿನ ಕೆಸರಿನಲ್ಲಿ ಕೆಂಬರಲು, ಬಾಯ್ಕಳಕ, ಬೆಳ್ಳಕ್ಕಿ, ಟಿಟ್ಟಿಭಗಳು ಮೇಯುತ್ತವೆ. ಹೂಳು ಮತ್ತು ಒತ್ತುವರಿ ಈ ಕೆರೆಯನ್ನು ಬಹುಕಾಲದಿಂದ ಕಾಡುತ್ತಿವೆ. ಚಿತ್ರದುರ್ಗದ ತನಕ ಊರುಗಳಿಗೆ ಕುಡಿಯುವ ನೀರು ಕೊಡುವ ಕೆರೆ ಇದು, ಇದರ ಅಂಚಿನಲ್ಲಿ ಪ್ಲಾಸ್ಟಿಕ್ ತಟ್ಟೆ ಬಿಟ್ಟು ಬರುವವರಿಗೆ ಆ ನೆನಪಿರಲಿ.

ದಾರಿಯಲ್ಲಿ ಸಂತೇಬೆನ್ನೂರಿನ ಪುಷ್ಕರಣಿ ಸಿಗುತ್ತದೆ. ಹದಿನಾರನೇ ಶತಮಾನದಲ್ಲಿ ಪಾಳೆಯಗಾರ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ್ದು. ನಡುವೆ ವಸಂತ ಮಂಟಪ, ಪಕ್ಕದಲ್ಲಿ ಬಿಜಾಪುರದ ರಣದುಲ್ಲಾ ಖಾನನ ಕಾಲದ ಮುಸಾಫಿರಖಾನೆ. ಬಿಸಿಲು ಏರುವ ಹೊತ್ತಿಗೆ ಸೂಳೆಕೆರೆ ಬಿಟ್ಟು, ಮಧ್ಯಾಹ್ನ ಇದರ ನೆರಳಿನಲ್ಲಿ ಕೂರುವುದು ಚೆಂದ.

ಸೂಳೆಕೆರೆಯಿಂದ ಹೊರಟ ಹರಿದ್ರಾ ಹಳ್ಳ ಹೊಲಗದ್ದೆಗಳ ನಡುವೆ ಬಳಸಿ ಹರಿಹರದ ಹತ್ತಿರ ತುಂಗಭದ್ರೆ ಸೇರುತ್ತದೆ. ಆ ಹೊಳೆಯ ದಂಡೆಯಲ್ಲೇ ಹರಿಹರೇಶ್ವರ ದೇವಾಲಯ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು. ದರ್ಶನ ಮುಗಿಸಿ ಹೊಳೆಯ ಕಡೆ ಇಳಿದು ಅರ್ಧ ತಾಸು ಕೂತರೆ ಕಲ್ಲುಗಳ ಮೇಲೆ ರೆಕ್ಕೆ ಬಿಚ್ಚಿ ಒಣಗಿಸುವ ನೀರುಕಾಗೆಗಳು, ನೀರಿನ ಮೇಲೆ ರೊಯ್ಯನೆ ಹಾರುವ ರೀವಗಳು ಕಣ್ಣಿಗೆ ಬೀಳುತ್ತವೆ. ಈ ಹೊಳೆಯ ಕೆಳಹರಿವಿನಲ್ಲಿ, ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಭಾಗವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ.

ಹುಲಿಯ ಕಾಡಿಗೆ

ಈಗ ಭದ್ರಾ. ದಾವಣಗೆರೆಯಿಂದ ಚನ್ನಗಿರಿ, ಭದ್ರಾವತಿ ಮೇಲೆ ಲಕ್ಕವಳ್ಳಿಗೆ ಮೂರು ತಾಸಿನೊಳಗಿನ ದಾರಿ. 1951ರಲ್ಲಿ ಜಾಗರ ಕಣಿವೆಯ ಅಭಯಾರಣ್ಯವಾಗಿ ಶುರುವಾದದ್ದು, 1974ರಲ್ಲಿ ಹಿಗ್ಗಿ ಭದ್ರಾ ಎಂಬ ಹೆಸರು ಪಡೆದು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. 2001-02ರಲ್ಲಿ ಕಾಡಿನೊಳಗಿನ ಹಳ್ಳಿಗಳ ನಾನ್ನೂರಕ್ಕೂ ಹೆಚ್ಚು ಕುಟುಂಬಗಳು ಎಂ.ಸಿ. ಹಳ್ಳಿ, ಕೆಳಗೂರಿಗೆ ಬಂದು ನೆಲೆಸಿದವು. ಜಮೀನು, ಮನೆ ಕೊಟ್ಟು, ಒಪ್ಪಿಸಿ ನಡೆಸಿದ ಸ್ಥಳಾಂತರವೆಂದು ಅದು ದೇಶದಲ್ಲೇ ಹೆಸರಾಯಿತು. ಇಂದು ಅಲ್ಲಿ ಕಾಣುವ ಹುಲ್ಲು ತುಂಬಿದ ಬಯಲುಗಳಲ್ಲಿ ಕೆಲವು ಆ ಹಳ್ಳಿಗಳ ಗದ್ದೆಗಳು. ಜೀಪಿನಲ್ಲಿ ಕೂತು ಅಲ್ಲಿ ಕಾಟಿಯ ಹಿಂಡು ನೋಡುವಾಗ, ಆ ಜಾಗ ಬಿಟ್ಟುಕೊಟ್ಟ ಮನೆಗಳಿಗೆ ನಾವು ಋಣಿಗಳು.

ಭದ್ರಾಕ್ಕೆ ಎರಡು ಬಾಗಿಲು. ಒಂದು ಲಕ್ಕವಳ್ಳಿ, ಅಣೆಕಟ್ಟಿನ ಕಡೆ. ಇನ್ನೊಂದು ಚಿಕ್ಕಮಗಳೂರಿನ ಕಡೆಯ ಮುತ್ತೋಡಿ. ದಾವಣಗೆರೆಯವರಿಗೆ ಲಕ್ಕವಳ್ಳಿಯೇ ಹತ್ತಿರ. ಅಲ್ಲಿ ಜೀಪ್ ಸಫಾರಿಯ ಜೊತೆಗೆ ಹಿನ್ನೀರಿನಲ್ಲಿ ದೋಣಿ ಸಫಾರಿಯೂ ಉಂಟು. ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್‌ನ ತಂಗುದಾಣಕ್ಕೆ ರಿವರ್ ಟರ್ನ್ ಲಾಡ್ಜ್ ಎಂದೇ ಹೆಸರು. ಬೇಸಿಗೆಯಲ್ಲಿ ಹಿನ್ನೀರು ಇಳಿದು ನಡುಗಡ್ಡೆಗಳು ತಲೆಯೆತ್ತಿದಾಗ ರಿವರ್ ಟರ್ನ್, ಅಂದರೆ ನಮ್ಮ ರೀವ ಹಕ್ಕಿಗಳು ಸಾವಿರಗಟ್ಟಲೆ ಬಂದು ಬರಿ ನೆಲದ ಮೇಲೆ ಮೊಟ್ಟೆಯಿಡುತ್ತವೆ. ಬೂದು ರೆಕ್ಕೆ, ಕಪ್ಪು ಟೋಪಿ, ಹಳದಿ ಕೊಕ್ಕು. ಮಾರ್ಚ್‌ನಿಂದ ಮೇ ಒಳಗೆ ದೋಣಿಯಲ್ಲಿ ಹೋದರೆ ಗಂಡು ಮೀನು ಹಿಡಿದು ತಂದು ಹೆಣ್ಣಿಗೆ ಉಣಿಸುವುದನ್ನು, ಪುಟ್ಟ ಮರಿಗಳು ಕಲ್ಲಿನ ನೆರಳಿಗೆ ಓಡುವುದನ್ನು ಕಾಣಬಹುದು. ಭದ್ರಾದಲ್ಲಿ ನನಗೆ ಹುಲಿಗಿಂತ ಹೆಚ್ಚು ಇಷ್ಟ ಈ ನಡುಗಡ್ಡೆಗಳ ಗದ್ದಲ. ಹುಲಿ ಇರುವ ಕಾಡೇ ಹೌದು, ಆದರೆ ಮರ ದಟ್ಟ, ದಾರಿ ಕಿರಿದು. ಕಬಿನಿಯ ಹಾಗೆ ಬಯಲಿಗೆ ಬಂದು ನಿಲ್ಲುವ ಹುಲಿಯನ್ನು ಇಲ್ಲಿ ನಿರೀಕ್ಷಿಸಬೇಡಿ. ಕಾಟಿ, ಆನೆ, ಕಡವೆ, ಕೆಂದಳಿಲು ಧಾರಾಳ. ಚಿರತೆ ಅದೃಷ್ಟ.

ಬೆಳಗಿನ ಸಫಾರಿ ಸೂರ್ಯ ಮೂಡುವ ಹೊತ್ತಿಗೆ, ಸಂಜೆಯದು ಮೂರರ ಮೇಲೆ. ದಾವಣಗೆರೆಯಿಂದ ಬೆಳಗಿನ ಸಫಾರಿಗೆ ತಲುಪಬೇಕೆಂದರೆ ರಾತ್ರಿ ಮೂರಕ್ಕೆ ಹೊರಡಬೇಕು. ಅದರ ಬದಲು ಮಧ್ಯಾಹ್ನ ಹೋಗಿ ಸಂಜೆ ಸುತ್ತಿ, ರಾತ್ರಿ ತಂಗಿ, ಮರುದಿನ ಬೆಳಿಗ್ಗೆ ದೋಣಿ ಹತ್ತುವುದು ಒಳ್ಳೆಯದು. ಶನಿವಾರ-ಭಾನುವಾರ, ದಸರಾ, ಕ್ರಿಸ್‌ಮಸ್ ರಜೆಗಳಲ್ಲಿ ಜಾಗ ಬೇಗ ತುಂಬುತ್ತದೆ, ವಾರದ ನಡುವೆ ಹೋಗಿ. ಚಳಿಗಾಲದಲ್ಲಿ ಕಾಡು ಹಸಿರಾಗಿ ಸುಂದರ, ಪ್ರಾಣಿ ಕಾಣುವುದು ಕಡಿಮೆ. ಬೇಸಿಗೆಯಲ್ಲಿ ಎಲೆಯುದುರಿ ಕಾಡು ಬರಿದು, ಪ್ರಾಣಿಗಳೆಲ್ಲ ಹಿನ್ನೀರಿಗೆ ಇಳಿಯುತ್ತವೆ. ಯಾವುದು ಬೇಕೋ ನೀವೇ ಆರಿಸಿಕೊಳ್ಳಿ.

ಅಷ್ಟು ದುಡ್ಡು, ಸಮಯ ಇಲ್ಲದ ಮನೆಗಳಿಗೆ ಶಿವಮೊಗ್ಗವೇ ಆಸರೆ. ಸಾಗರ ರಸ್ತೆಯ ತ್ಯಾವರೆಕೊಪ್ಪದಲ್ಲಿ 1988ರಿಂದ ಹುಲಿ-ಸಿಂಹಧಾಮವಿದೆ. ಇಲಾಖೆಯ ಬಸ್ಸಿನಲ್ಲಿ ಕೂತು ಬೇಲಿಯೊಳಗಿನ ಹುಲಿ, ಸಿಂಹ ನೋಡಬಹುದು. ಅದು ಕಾಡಲ್ಲ ಎಂಬುದನ್ನು ಮಕ್ಕಳಿಗೆ ಹೇಳಿ, ಆದರೂ ತೋರಿಸಿ. ತೀರ್ಥಹಳ್ಳಿ ರಸ್ತೆಯ ಸಕ್ರೆಬೈಲು ಆನೆ ಬಿಡಾರಕ್ಕೆ ಬೆಳಿಗ್ಗೆಯೇ ಹೋಗಬೇಕು, ಮಧ್ಯಾಹ್ನದ ಹೊತ್ತಿಗೆ ಆನೆಗಳು ಕಾಡಿಗೆ ಮರಳುತ್ತವೆ. ಅದೇ ದಾರಿಯಲ್ಲಿ ಮುಂದೆ ಮಂಡಗದ್ದೆ. ಮಳೆಗಾಲದಲ್ಲಿ ತುಂಗೆಯ ನಡುವಿನ ಪುಟ್ಟ ದ್ವೀಪದ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ರಸ್ತೆ ಬದಿಯಿಂದಲೇ ಕಾಣುತ್ತವೆ. ರಾಜ್ಯದ ಮೃಗಾಲಯಗಳಿಗೆ ಸಾಮಾನ್ಯವಾಗಿ ಮಂಗಳವಾರ ರಜೆ, ಹೊರಡುವ ಮೊದಲು ವಿಚಾರಿಸಿ.

ಕರಡಿ ಮತ್ತು ಕೊಕ್ಕರೆ

ಉತ್ತರದ ದಾರಿ ಹರಪನಹಳ್ಳಿ ಮೇಲೆ ಹೊಸಪೇಟೆಗೆ. ಹಂಪಿಗೆ ಹೋಗುವವರು ಹೇಗೂ ಈ ದಾರಿ ಹಿಡಿಯುತ್ತಾರೆ. ಹರಿಹರದ ಕಡೆಯಿಂದ ಕೊಟ್ಟೂರು ಮೂಲಕ ಹೊಸಪೇಟೆಗೆ ರೈಲು ಮಾರ್ಗವೂ ಇದೆ. ಹಂಪಿಗೆ ಎರಡು ದಿನ ಇಟ್ಟುಕೊಂಡವರು ಒಂದು ಮಧ್ಯಾಹ್ನವನ್ನು ದರೋಜಿ ಕರಡಿಧಾಮಕ್ಕೆ ಕೊಡಿ. 1994ರಲ್ಲಿ ಘೋಷಣೆಯಾಗಿ ಮುಂದೆ 82 ಚದರ ಕಿಲೋಮೀಟರ್ ಮೀರಿ ಬೆಳೆದ ಅಭಯಾರಣ್ಯ. ಹಂಪಿ ಪಕ್ಕದ ಕಮಲಾಪುರದಿಂದ ಹದಿನೈದು ಕಿಲೋಮೀಟರ್ ಸುಮಾರು. ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಸಿಬ್ಬಂದಿ ಮಧ್ಯಾಹ್ನ ಬೆಲ್ಲ, ಜೇನಿನ ಪಾಕ ಬಳಿದು ಬರುತ್ತಾರೆ. ಎದುರಿನ ಗೋಪುರದಲ್ಲಿ ಕೂತು ಕಾಯಬೇಕು. ಹೊತ್ತು ಇಳಿಯುತ್ತಿದ್ದಂತೆ ಗುಹೆಗಳಿಂದ ಕರಡಿಗಳು ಇಳಿದು ಬರುತ್ತವೆ, ಕೆಲವೊಮ್ಮೆ ಬೆನ್ನ ಮೇಲೆ ಮರಿ ಹೊತ್ತ ತಾಯಿ. ಕಾಡಿನಲ್ಲಿ ಕರಡಿಯನ್ನು ಇಷ್ಟು ನೆಮ್ಮದಿಯಾಗಿ ನೋಡುವ ಜಾಗ ದೇಶದಲ್ಲೇ ವಿರಳ. ಬರಿಗಣ್ಣಿಗೆ ದೂರವಾಗುತ್ತದೆ, ದುರ್ಬೀನು ಮರೆಯಬೇಡಿ. ಮಕ್ಕಳಿಗೆ ಹುಲಿಯನ್ನೂ ತೋರಿಸುವ ಆಸೆ ಇದ್ದರೆ ಕಮಲಾಪುರದ ಬಳಿಯೇ ಅಟಲ್ ಬಿಹಾರಿ ವಾಜಪೇಯಿ ಮೃಗಾಲಯವಿದೆ, 2017ರಿಂದ.

ದಾರಿಯಲ್ಲಿ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವನ್ನು ದಾಟಿ ಹೋಗಬೇಡಿ, ನಿಲ್ಲಿ. 244 ಎಕರೆಯ ಊರ ಕೆರೆ. ನೀರಿನಲ್ಲಿ ನಿಂತ ಜಾಲಿ ಮರಗಳ ತುಂಬ ಬಣ್ಣದ ಕೊಕ್ಕರೆ, ಬಾಯ್ಕಳಕ, ಹಾವಕ್ಕಿ, ಕೆಂಬರಲುಗಳ ಗೂಡು. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲಾಯಿತು, 2024ರಲ್ಲಿ ಜಾಗತಿಕ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದೇ ವರ್ಷ ಅದರ ಜೊತೆ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಹಗಲು ಕೆರೆಯಲ್ಲಿ ತೇಲಿ, ಮುಂಜಾನೆ-ಸಂಜೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಡಿಸೆಂಬರ್, ಜನವರಿಯಲ್ಲಿ ಹೋದರೆ ತಪ್ಪದೆ ಕಾಣುತ್ತವೆ.

ಬೆಟ್ಟ ಹತ್ತುವ ಆಸೆಯುಳ್ಳವರಿಗೆ ಹತ್ತಿರದ್ದು ಉಚ್ಚಂಗಿದುರ್ಗ, ಸ್ವಲ್ಪ ದೂರದ್ದು ಚಿತ್ರದುರ್ಗದ ಜೋಗಿಮಟ್ಟಿ. ಉಚ್ಚಂಗಿಯಲ್ಲಿ ಉಚ್ಚಂಗೆಮ್ಮನ ದರ್ಶನ, ಕೋಟೆ, ಮೇಲಿನಿಂದ ಹೊಲಗಳ ಹರವು. ಜೋಗಿಮಟ್ಟಿ ವನ್ಯಜೀವಿ ಅಭಯಾರಣ್ಯ, 2015ರಿಂದ. ಚಿರತೆ, ಕರಡಿ, ಕೊಂಡುಕುರಿ ಇರುವ ಗುಡ್ಡಸಾಲು. ಮಳೆಗಾಲದ ಮುಂಜಾವಿನಲ್ಲಿ ಮೋಡ ನೆತ್ತಿಯ ಕೆಳಗೇ ಹಾದು ಹೋಗುತ್ತದೆ. ಇಲ್ಲಿಯೂ ಅನುಮತಿ ಪಡೆದೇ ಹೋಗಬೇಕು.

ಹೊರಡುವ ಮುನ್ನ

ಒಂದೇ ದಿನ ಇದ್ದರೆ ಬೆಳಿಗ್ಗೆ ರಾಣೆಬೆನ್ನೂರು, ಸಂಜೆ ಹರಿಹರದ ಹೊಳೆ. ಇಲ್ಲವೇ ಬೆಳಿಗ್ಗೆ ಸೂಳೆಕೆರೆ, ಮಧ್ಯಾಹ್ನ ಸಂತೇಬೆನ್ನೂರು, ಸಂಜೆ ಕೊಂಡಜ್ಜಿ. ಎರಡು ದಿನವಾದರೆ ಸೂಳೆಕೆರೆಯ ದಾರಿಯಲ್ಲೇ ಮುಂದುವರಿದು ಲಕ್ಕವಳ್ಳಿಯಲ್ಲಿ ತಂಗಿ. ಎಲ್ಲವನ್ನೂ ಒಂದೇ ರಜೆಯಲ್ಲಿ ಮುಗಿಸುವ ಪಟ್ಟಿ ಮಾಡಬೇಡಿ. ಗಾಡಿಯ ಕಿಟಕಿಯಿಂದ ನೋಡಿದ್ದು ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. ಇಡೀ ದಿನ ಒಂದೇ ಕೆರೆಯ ದಂಡೆಯಲ್ಲಿ ಕಳೆಯುವುದು ಆರು ಜಾಗ ಸುತ್ತುವುದಕ್ಕಿಂತ ಮೇಲು.

ಮಣ್ಣಿನ ಬಣ್ಣದ, ಎಲೆಹಸಿರಿನ ಬಟ್ಟೆ ಹಾಕಿ. ಬಿಳಿ, ಕೆಂಪು ಬೇಡ. ಅತ್ತರು, ಸೆಂಟು ಬೇಡ. ಜೀಪಿನಲ್ಲಿ ಮೊಬೈಲು ಮಾತಾಡಬೇಡಿ, ಹಾಡು ಹಾಕಬೇಡಿ. ಎಂಟು-ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಸಾಧಾರಣ ದುರ್ಬೀನು ದುಬಾರಿ ಕ್ಯಾಮೆರಾಕ್ಕಿಂತ ಹೆಚ್ಚು ಸುಖ ಕೊಡುತ್ತದೆ. ಡ್ರೋನ್ ಹಾರಿಸಲು ಎಲ್ಲಿಯೂ ಅವಕಾಶವಿಲ್ಲ, ಗೂಡು ಕಟ್ಟಿದ ಹಕ್ಕಿಗೆ ಅದರಷ್ಟು ಭಯ ಇನ್ನೊಂದಿಲ್ಲ. ಮಂಡಕ್ಕಿ, ಮಿರ್ಚಿ ಕಟ್ಟಿಕೊಂಡು ಹೋಗಿ, ನಾವೂ ಹಾಗೆಯೇ ಹೋಗುವವರು. ಆದರೆ ಕೋತಿಗೆ ಒಂದು ಹಿಡಿಯೂ ಹಾಕಬೇಡಿ, ಪೊಟ್ಟಣದ ಕಾಗದ ವಾಪಸ್ ತನ್ನಿ. ಚನ್ನಗಿರಿಯ ಕಾಡಂಚಿಗೆ ಭದ್ರಾ ಕಡೆಯಿಂದ ಆನೆಗಳು ಇಳಿಯುವುದುಂಟು, ಕತ್ತಲಾದ ಮೇಲೆ ಆ ಒಳದಾರಿಗಳಲ್ಲಿ ಬೈಕು ಬೇಡ. ಸಫಾರಿಯ ವೇಳೆ, ದರ ಆಗಾಗ ಬದಲಾಗುತ್ತವೆ. ಹಿಂದಿನ ದಿನವೇ ಆಯಾ ವಲಯ ಕಚೇರಿಗೋ ತಂಗುದಾಣಕ್ಕೋ ಫೋನು ಮಾಡಿ ಕೇಳಿ.

ಕೊನೆಯದಾಗಿ ಒಂದು ವಿನಂತಿ. ಜನವರಿಯಿಂದ ಏಪ್ರಿಲ್‌ವರೆಗೆ ಜಗಳೂರು, ಚನ್ನಗಿರಿ, ಜೋಗಿಮಟ್ಟಿಯ ಒಣ ಗುಡ್ಡಗಳಿಗೆ ಒಂದು ಬೀಡಿಯ ಕಿಡಿ ಸಾಕು. ಕೊಂಡುಕುರಿಯ ಮರಿ ಹುಲ್ಲಿನಲ್ಲಿ ಅಡಗಿ ಕೂರುತ್ತದೆಯೇ ಹೊರತು ಓಡುವುದಿಲ್ಲ. ದಾರಿಯಲ್ಲಿ ಎಲ್ಲಿಯಾದರೂ ಗುಡ್ಡದ ಮೇಲೆ ಹೊಗೆ ಕಂಡರೆ ಗಾಡಿ ನಿಲ್ಲಿಸಿ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಹತ್ತಿರದ ಊರಿನ ಹೆಸರು ಹೇಳಿ.